ಮಹದೇವಪೇಟೆಯ ಅಟ್ಟದ ಅಂಗಡಿ: ಯುದ್ಧಕಾಲದ ಹಾಡುಹಾಳೆಗಳನ್ನು ಕೊಳ್ಳುವವರಿಗೆ

ಮಡಿಕೇರಿಯ ಮಹದೇವಪೇಟೆಯಿಂದ ಒಳಕ್ಕೆ ಇಳಿಯುವ ಓಣಿಯೊಂದರಲ್ಲಿ, ಕೆಳಗೆ ಕರಿಮೆಣಸು, ಏಲಕ್ಕಿಯ ವ್ಯಾಪಾರ ನಡೆಯುವ ಹಳೆಯ ಕಟ್ಟಡದ ಅಟ್ಟದ ಮೇಲೆ ಹಳೇ ಸಾಮಾನಿನ ಅಂಗಡಿಯೊಂದಿದೆ. ಪ್ರಚಾರ ಬೇಡವೆಂದು ಮಾಲೀಕರು ಕೇಳಿಕೊಂಡದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪೇಟೆಯಲ್ಲಿ ಗ್ರಾಮಫೋನಿನ ಅಂಗಡಿ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಹಿತ್ತಾಳೆಯ ದೀಪ, ಗೋಡೆ ಗಡಿಯಾರ, ಬೆತ್ತದ ಕುರ್ಚಿಗಳು ಇಂಥ ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಇಲ್ಲಿಯ ವಿಶೇಷವೆಂದರೆ ಕಿಟಕಿಯಿಂದ ದೂರದ ಗೋಡೆಯ ಬಳಿ ಇಟ್ಟಿರುವ ಎರಡು ಮರದ ಬೀರುಗಳು. ಎರಡು ಮಹಾಯುದ್ಧಗಳ ಕಾಲದಲ್ಲಿ ಜನರ ಬಾಯಲ್ಲಿದ್ದ ದೇಶಭಕ್ತಿಯ ಹಾಡುಗಳ ಅಚ್ಚಾದ ನೊಟೇಷನ್ ಹಾಳೆಗಳು, ಅಂದರೆ ಶೀಟ್ ಮ್ಯೂಸಿಕ್, ಅವುಗಳಲ್ಲಿ ನೂರಾರು ಇವೆ. ಕೆಳಗಿನ ಖಾನೆಗಳಲ್ಲಿ ಅದೇ ಕಾಲದ ಗ್ರಾಮಫೋನ್ ತಟ್ಟೆಗಳೂ ನಮ್ಮ ಸಿನಿಮಾಗಳ ಹಾಡಿನ ಪುಸ್ತಕಗಳೂ ಇವೆ. ಬಿಡಿ ಹಾಳೆಗಳ ಮಟ್ಟಿಗೆ ಇದು ನಂಬಿ ಹೋಗಬಹುದಾದ ಅಂಗಡಿ. ಗೋಡೆಗೆ ತೂಗುಹಾಕಿರುವ ಚೌಕಟ್ಟುಗಳ ಮಟ್ಟಿಗೆ ಅಲ್ಲ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಇಷ್ಟೊಂದು ವಿಲಾಯಿತಿ ಹಾಳೆಗಳು ಕೊಡಗಿನಲ್ಲಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದಲೇ ಇಲ್ಲಿ ಯುರೋಪಿಯನ್ನರ ಕಾಫಿ ತೋಟಗಳಿದ್ದವು. ತೋಟದ ಬಂಗಲೆಗಳಲ್ಲಿ ಪಿಯಾನೋ ಇತ್ತು, ಮಳೆಗಾಲದ ಸಂಜೆಗಳು ಮುಗಿಯುತ್ತಿರಲಿಲ್ಲ, ರೇಡಿಯೋ ಇನ್ನೂ ಬಂದಿರಲಿಲ್ಲ. ಹೊಸ ಹಾಡೊಂದು ಲಂಡನ್ನಿನಲ್ಲಿ ಹೆಸರು ಮಾಡಿದರೆ ಅದು ಕಾಗದದ ರೂಪದಲ್ಲಿ ಹಡಗು ಹತ್ತಿ, ಮದರಾಸಿನ ವಾದ್ಯದಂಗಡಿಯ ನೇರಳೆ ಬಣ್ಣದ ರಬ್ಬರ್ ಮುದ್ರೆ ಒತ್ತಿಸಿಕೊಂಡು, ಘಟ್ಟ ಹತ್ತಿ ಇಲ್ಲಿಗೆ ಬರುತ್ತಿತ್ತು. ಅಂಥ ಮುದ್ರೆಯಿರುವ ಹಾಳೆಗಳು ಈ ಬೀರುಗಳಲ್ಲಿ ಸಾಕಷ್ಟಿವೆ. ತೋಟಗಳು ಕೈ ಬದಲಿಸಿದಾಗ ಪಿಯಾನೋಗಳು ಮಾರಾಟವಾದವು. ಪಿಯಾನೋದ ಪೀಠದೊಳಗಿನ ಹಾಳೆಗಳು ಟ್ರಂಕುಗಳಿಗೆ ಸೇರಿದವು. ಸಿದ್ದಾಪುರದ ಕಡೆಯ ಬಂಗಲೆಯೊಂದರ ಇಂಥ ಟ್ರಂಕಿನಿಂದಲೇ ತಮ್ಮ ಸಂಗ್ರಹ ಆರಂಭವಾಯಿತು ಎಂದು ಮಾಲೀಕರು ಹೇಳುತ್ತಾರೆ.

ಹಾಳೆಯ ಕಟ್ಟು ಬಲು ಸರಳ. ಒಂದು ದೊಡ್ಡ ಕಾಗದವನ್ನು ಮಧ್ಯಕ್ಕೆ ಮಡಿಚಿದರೆ ನಾಲ್ಕು ಪುಟ. ಮೊದಲ ಪುಟ ಬಣ್ಣದ ಮುಖಚಿತ್ರ, ಒಳಗಿನ ಎರಡು ಪುಟ ಹಾಡು ಮತ್ತು ಪಿಯಾನೋ ಪಕ್ಕವಾದ್ಯದ ನೊಟೇಷನ್, ಹಿಂದಿನ ಪುಟ ಪ್ರಕಾಶಕರ ಇತರ ಹಾಡುಗಳ ಜಾಹೀರಾತು. ಹಾಡು ಉದ್ದವಾದರೆ ನಡುವೆ ಇನ್ನೊಂದು ಬಿಡಿ ಹಾಳೆ ಸೇರುತ್ತದೆ. ಬ್ರಿಟನ್ನಿನಲ್ಲಿ ಅಚ್ಚಾದ ಎಷ್ಟೋ ಹಾಳೆಗಳಲ್ಲಿ ಹಾಡಿನ ಸಾಲಿನ ಮೇಲೆ ಡೋ, ರೇ, ಮೀ ಎಂಬುದರ ಮೊದಲಕ್ಷರಗಳನ್ನೂ ಸಣ್ಣದಾಗಿ ಮುದ್ರಿಸಿರುತ್ತಾರೆ. ಐದು ಗೆರೆಗಳ ನೊಟೇಷನ್ ಬಾರದ, ಆದರೆ ಸರಿಗಮ ಬಲ್ಲ ನಮ್ಮವರಿಗೆ ಇದು ದೊಡ್ಡ ಉಪಕಾರ. ಇಂಥ ಹಾಳೆ ಕೈಗೆ ಸಿಕ್ಕರೆ ರಾಗವನ್ನು ಆಗಲೇ ಗುನುಗಿಕೊಳ್ಳಬಹುದು. ಮುಖಚಿತ್ರ ಕೊಳ್ಳುವವರನ್ನು ಕರೆಯುವುದಕ್ಕೆ ಇದ್ದದ್ದು, ಮನೆಯಲ್ಲಿ ಹಾಡು ಎದ್ದು ನಿಲ್ಲುತ್ತಿದ್ದದ್ದು ಒಳಗಿನ ಪುಟಗಳಿಂದ. ಈ ಅಂಗಡಿಯ ಒಳಿತು ಕೆಡುಕುಗಳೆರಡೂ ಇದೇ ವಿಷಯದ ಸುತ್ತ ಇವೆ.

ಒಳಿತಿನಿಂದ ಆರಂಭಿಸುವುದಾದರೆ, ಮಾಲೀಕರು ಹಾಳೆಗಳ ಕಾಲವನ್ನು ಸರಿಯಾಗಿ ಗುರುತಿಸುತ್ತಾರೆ ಮತ್ತು ಗೊತ್ತಿಲ್ಲದ ಕಥೆಗಳನ್ನು ಅಂಟಿಸುವುದಿಲ್ಲ. ಪ್ರತಿ ಹಾಳೆಗೂ ಪೆನ್ಸಿಲಿನಲ್ಲಿ ಬರೆದ ಚೀಟಿ ಇದೆ, ಅದನ್ನು ಪಿನ್ನು ಚುಚ್ಚದೆ ಹಾಳೆಯ ನಡುವೆ ಇಟ್ಟಿರುತ್ತಾರೆ. ಐರ್ಲೆಂಡಿನ ಟಿಪ್ಪರರಿ ಎಂಬ ಊರು ಬಹಳ ದೂರ ಎನ್ನುವ ಹಾಡಿನ ಚೀಟಿಯನ್ನೇ ನೋಡಬಹುದು. 1914ರ ಯುದ್ಧದ ಗುರುತಾಗಿಹೋಗಿರುವ ಈ ಹಾಡು ಯುದ್ಧಕ್ಕಾಗಿ ಹುಟ್ಟಿದ್ದಲ್ಲ. ಜಾಕ್ ಜಡ್ಜ್ ಮತ್ತು ಹ್ಯಾರಿ ವಿಲಿಯಮ್ಸ್ ಅವರ ಹೆಸರಿನಲ್ಲಿರುವ ಇದು 1912ರಷ್ಟು ಹಿಂದಿನದು ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಯುದ್ಧ ಶುರುವಾದ ಮೊದಲ ತಿಂಗಳಿನಲ್ಲಿ ಫ್ರಾನ್ಸಿನ ಬುಲೋನ್ ಬಂದರಿನಲ್ಲಿ ಕನಾಟ್ ರೇಂಜರ್ಸ್ ಎಂಬ ಐರಿಶ್ ಪಡೆಯವರು ಇದನ್ನು ಹಾಡುತ್ತ ನಡೆದುಹೋದದ್ದನ್ನು ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ವರದಿಗಾರ ಬರೆದ. ಆ ವರ್ಷ ನವೆಂಬರಿನಲ್ಲಿ ಜಾನ್ ಮೆಕಾರ್ಮಕ್ ಅದನ್ನು ತಟ್ಟೆಗೆ ಹಾಡಿದರು. ಅಲ್ಲಿಂದ ಮುಂದೆ ಅದು ಜಗತ್ತನ್ನೆಲ್ಲ ಸುತ್ತಿತು. ಹಾಡಿನ ಒಳಗೆ ರಾಜನೂ ಇಲ್ಲ, ಧ್ವಜವೂ ಇಲ್ಲ. ಊರು ಬಿಟ್ಟು ಲಂಡನ್ನಿಗೆ ಬಂದ ಐರಿಶ್ ಹುಡುಗನೊಬ್ಬನ ಮನೆಯ ಹಂಬಲ ಮಾತ್ರ ಇದೆ. ದೇಶಭಕ್ತಿಯ ಹಾಡೆಂದು ಬೇಕೆಂದೇ ಬರೆದ ಎಷ್ಟೋ ಹಾಡುಗಳು ಬೀರುವಿನಲ್ಲಿ ಮಲಗಿರುವಾಗ ಸೈನಿಕರು ಆರಿಸಿಕೊಂಡದ್ದು ಮನೆಯನ್ನು ನೆನೆಯುವ ಹಾಡನ್ನು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಅದೇ ಖಾನೆಯಲ್ಲಿರುವ ಇನ್ನೊಂದು ಹಾಡು ಮನೆಯ ಒಲೆ ಆರದಂತೆ ನೋಡಿಕೊಳ್ಳಿ ಎಂದು ಹಿಂದುಳಿದವರಿಗೆ ಹೇಳುವಂಥದು. 1914ರಲ್ಲಿ ಐವರ್ ನೊವೆಲ್ಲೊ ರಾಗ ಹಾಕಿ, ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಲೀನಾ ಗಿಲ್ಬರ್ಟ್ ಫೋರ್ಡ್ ಮಾತು ಬರೆದದ್ದು. ಆಕೆ 1918ರ ಮಾರ್ಚಿನಲ್ಲಿ ಲಂಡನ್ನಿನ ಮೇಲೆ ನಡೆದ ವಿಮಾನದಾಳಿಯಲ್ಲಿ ಮಗನೊಂದಿಗೆ ತನ್ನ ಮನೆಯಲ್ಲಿಯೇ ಸತ್ತಳು. ಚೀಟಿಯಲ್ಲಿ ಇದು ಎರಡೇ ಸಾಲಿನಲ್ಲಿದೆ, ಅಲಂಕಾರವಿಲ್ಲ.

ಅಮೆರಿಕದ ಹಾಳೆಗಳಿಗೆ ಬಂದರೆ ಅಳತೆಪಟ್ಟಿಯೊಂದು ಕೈಯಲ್ಲಿರಬೇಕು. 1917ರವರೆಗೆ ಅಲ್ಲಿಯ ಹಾಡುಹಾಳೆಗಳು ಸಾಮಾನ್ಯವಾಗಿ ಹದಿಮೂರೂವರೆ ಅಂಗುಲ ಎತ್ತರ, ಹತ್ತೂವರೆ ಅಂಗುಲ ಅಗಲ ಇರುತ್ತಿದ್ದವು. ದೇಶ ಯುದ್ಧಕ್ಕಿಳಿದ ಮೇಲೆ ಕಾಗದ ಉಳಿಸಬೇಕಾಗಿ ಬಂದು ಅವು ಸುಮಾರು ಹನ್ನೆರಡು–ಒಂಬತ್ತರ ಅಳತೆಗೆ ಇಳಿದವು. ನ್ಯೂಯಾರ್ಕಿನ ಲಿಯೋ ಫೈಸ್ಟ್ ಸಂಸ್ಥೆ ತನ್ನ ಹಾಳೆಗಳಲ್ಲಿ, ಸರ್ಕಾರದೊಡನೆ ಸಹಕರಿಸಿ ಕಾಗದ ಉಳಿಸುವುದಕ್ಕಾಗಿ ಈ ಹಾಡನ್ನು ಎಂದಿಗಿಂತ ಚಿಕ್ಕದಾಗಿ ಅಚ್ಚು ಹಾಕಿದ್ದೇವೆ ಎಂಬ ಒಕ್ಕಣೆಯನ್ನೂ ಸೇರಿಸಿತು. ಸೈನಿಕರು ಜೇಬಿನಲ್ಲಿಟ್ಟುಕೊಳ್ಳಲೆಂದು ಇನ್ನೂ ಚಿಕ್ಕ ಅಳತೆಯ ಆವೃತ್ತಿಗಳು ಬಂದವು. ಅಂಥ ಕೆಲವು ಇಲ್ಲಿವೆ, ಅಂಗೈಗಿಂತ ಸ್ವಲ್ಪವೇ ದೊಡ್ಡವು, ಮಡಿಕೆಯ ಬಳಿ ಸವೆದು ಬಟ್ಟೆಯಂತೆ ಮೆತ್ತಗಾಗಿವೆ. ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ದೊಡ್ಡ ಹಾಳೆಗಳನ್ನು ಪಿಯಾನೋ ಪೀಠದೊಳಗೆ ಹಿಡಿಸಲು ಮನೆಯವರು ಅಂಚು ಕತ್ತರಿಸುತ್ತಿದ್ದದ್ದುಂಟು. ಹಾಗೆ ಕತ್ತರಿಸಿದ ದೊಡ್ಡ ಹಾಳೆ ಯುದ್ಧಕಾಲದ ಚಿಕ್ಕ ಹಾಳೆಯಲ್ಲ. ಮುಖಚಿತ್ರದ ಚೌಕಟ್ಟಿನ ಗೆರೆ ಒಂದು ಕಡೆ ಅಂಚಿಗೆ ತಾಗಿ ಇನ್ನೊಂದು ಕಡೆ ದೂರವಿದ್ದರೆ ಕತ್ತರಿ ಆಡಿದೆ ಎಂದೇ ಅರ್ಥ. ಈ ವ್ಯತ್ಯಾಸವನ್ನು ಮಾಲೀಕರು ತಾವಾಗಿಯೇ ತೋರಿಸಿ, ಕತ್ತರಿಸಿದವುಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದಾರೆ.

ಬೀರುವಿನಲ್ಲಿ ಒಂದು ಜೋಡಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಶಿಫಾರಸು. ಒಂದು, 1915ರಲ್ಲಿ ಆಲ್ಫ್ರೆಡ್ ಬ್ರಯಾನ್ ಮಾತು ಬರೆದು ಅಲ್ ಪಿಯಾಂಟಡೋಸಿ ರಾಗ ಹಾಕಿದ ಹಾಡು: ನನ್ನ ಮಗನನ್ನು ಸೈನಿಕನಾಗಲೆಂದು ಸಾಕಲಿಲ್ಲ ಎಂದು ತಾಯಿಯೊಬ್ಬಳು ಹೇಳುವಂಥದು. ಅಮೆರಿಕ ಯುದ್ಧದಿಂದ ದೂರವಿದ್ದಾಗ ಅದು ಮನೆಮನೆಯಲ್ಲೂ ಕೇಳಿಬಂತು. ಇನ್ನೊಂದು, 1917ರ ಏಪ್ರಿಲಿನಲ್ಲಿ ಆ ದೇಶ ಯುದ್ಧ ಸಾರಿದೊಡನೆ ಜಾರ್ಜ್ ಎಂ. ಕೊಹಾನ್ ಬರೆದ, ನಾವು ಬರುತ್ತಿದ್ದೇವೆ ಎಂದು ಕಹಳೆಯ ದನಿಯಲ್ಲಿ ಸಾರುವ ಹಾಡು. ಎರಡನ್ನೂ ಮಾರಿದ್ದು ಅದೇ ಫೈಸ್ಟ್ ಸಂಸ್ಥೆ; ಎರಡನೆಯದರ ಹಕ್ಕಿಗೆ ಅದು 25,000 ಡಾಲರ್ ತೆತ್ತಿತು. ಮೊದಲ ಹಾಡಿನ ಕವಿ ಬ್ರಯಾನ್ ಕೂಡ ಎರಡೇ ವರ್ಷಗಳಲ್ಲಿ ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕಳನ್ನು ಯುದ್ಧಕ್ಕೆ ಕೂಗಿ ಕರೆಯುವ ಹಾಡೊಂದಕ್ಕೆ ಮಾತು ಹೊಂದಿಸಿದ. ಗಾಳಿ ಬಂದ ಕಡೆ ತೂರಿಕೊಳ್ಳುವುದು ಹಾಡಿನ ವ್ಯಾಪಾರದಲ್ಲಿಯೂ ಇತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈ ಎರಡು ಹಾಳೆಗಳನ್ನು ಜೊತೆಯಾಗಿಯೇ ಮಾರುತ್ತೇನೆ, ಬಿಡಿಯಾಗಿ ಕೊಡುವುದಿಲ್ಲ ಎಂದು ಮಾಲೀಕರು ಹಟ ಹಿಡಿದಿದ್ದಾರೆ. ವ್ಯಾಪಾರಕ್ಕೆ ನಷ್ಟವಾದರೂ ಇದು ಮೆಚ್ಚತಕ್ಕ ಹಟ.

ಇನ್ನು ತಕರಾರಿನ ಮಾತು. ಮೆಟ್ಟಿಲು ಹತ್ತಿದೊಡನೆ ಎದುರಿನ ಗೋಡೆಯ ತುಂಬ ಕಾಣುವುದು ಚೌಕಟ್ಟು ಹಾಕಿದ ಮುಖಚಿತ್ರಗಳು: ಧ್ವಜ ಹಿಡಿದ ಹುಡುಗಿ, ಹಡಗಿನಿಂದ ಕೈಬೀಸುವ ನಾವಿಕ, ಬಾಗಿಲಲ್ಲಿ ನಿಂತ ಮುದಿತಾಯಿ. ನೋಡಲು ಚೆನ್ನಾಗಿವೆ. ಹೋಂಸ್ಟೇ ನಡೆಸುವವರು ತಮ್ಮ ಹಜಾರಗಳಿಗೆಂದು ಇವನ್ನು ಕೊಳ್ಳುತ್ತಾರೆ. ಅಂಗಡಿಯ ಬಾಡಿಗೆ ಹುಟ್ಟುವುದು ಇವುಗಳಿಂದಲೇ ಎಂದು ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಒಂದನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಿದರೆ ಹಿಂದೆ ತೆಳು ಹಲಗೆ, ಅದರ ಸುತ್ತ ಕಂದು ಅಂಟುಪಟ್ಟಿ, ಅಷ್ಟೆ. ಹಾಡು ಎಲ್ಲಿ ಎಂದು ಕೇಳಿದೆ. "ಒಳಗಿನ ಪುಟ ಚೌಕಟ್ಟಿಗೆ ದಪ್ಪ ಆಗ್ತದೆ ಸರ್, ಅದಕ್ಕೆ ಮಡಿಕೆಯಲ್ಲೇ ಕತ್ತರಿಸ್ತೇವೆ" ಎಂಬ ಉತ್ತರ ಬಂತು. ಕತ್ತರಿಸಿದ ಒಳಪುಟಗಳು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಲ್ಲದೆ, ಯಾವ ಹಾಡಿನ ಯಾವ ಪುಟ ಎಂಬ ಗುರುತಿಲ್ಲದೆ ಬಿದ್ದಿವೆ. ಕೆಲವನ್ನು ಗಾಜಿನ ಸಾಮಾನು ಸುತ್ತಿಕೊಡುವುದಕ್ಕೂ ಬಳಸಿದ್ದಾರೆ. ಇದು ಬೀಜ ತೆಗೆದು ಹಲಸಿನ ಸಿಪ್ಪೆಯನ್ನು ಸಿಂಗರಿಸಿ ಮಾರಿದಂತೆ. ಬಿಡಿ ಹಾಳೆಗಳಿಗೆ ಇಷ್ಟು ಮುತುವರ್ಜಿ ತೋರಿಸುವ ಅದೇ ಕೈ ಇಲ್ಲಿ ಹೀಗೆ ನಡೆದುಕೊಳ್ಳುವುದು ಹೇಗೆ ಎಂಬುದು ನನಗೆ ಅರ್ಥವಾಗಲಿಲ್ಲ. ಒಳಪುಟಗಳನ್ನು ಮಡಿಕೆ ಬಿಚ್ಚದೆ ಹಿಂದಕ್ಕೆ ಸರಿಸಿ, ಸ್ವಲ್ಪ ಆಳವಾದ ಚೌಕಟ್ಟಿನಲ್ಲಿ ಕೂರಿಸಲು ಬಡಗಿಗೆ ಹೆಚ್ಚಿನ ಕೆಲಸವೇನೂ ಇಲ್ಲ. ಹಾಗೆ ಮಾಡಿಕೊಡಿ ಎಂದು ಕೇಳಿದವರಿಗೆ ಮಾಡಿಕೊಡುತ್ತಾರೆ, ಬೆಲೆಯೂ ಬದಲಾಗುವುದಿಲ್ಲ. ಆದರೆ ಕೇಳಬೇಕು ಎಂಬುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಗಾಜಿನ ಬಗ್ಗೆಯೂ ಹೇಳಬೇಕು: ಮುಖಚಿತ್ರ ಗಾಜಿಗೆ ನೇರವಾಗಿ ತಾಗಿಕೊಂಡಿದೆ. ನಮ್ಮ ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಯಲ್ಲಿ ಗಾಜಿನ ಒಳಬದಿಗೆ ತೇವ ಹಿಡಿದರೆ ಬಣ್ಣ ಗಾಜಿಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ.

ತೇವದ ವಿಷಯದಲ್ಲಿ ಬಿಡಿ ಹಾಳೆಗಳ ಆರೈಕೆ ಮಾತ್ರ ಮಾದರಿಯಾಗಿದೆ. ಕೊಡಗಿನಲ್ಲಿ ಹಳೆಯ ಕಾಗದ ಉಳಿಯುವುದೇ ಕಷ್ಟ. ಗಾಳಿಯ ತೇವಾಂಶ ಶೇಕಡಾ 65ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ, ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ. ಆ ಕಾಲದ ಅಗ್ಗದ ಹಾಡುಹಾಳೆಗಳು ಮರದ ತಿರುಳಿನ ಕಾಗದದವು. ಅದರೊಳಗಿನ ಆಮ್ಲವೇ ವರ್ಷಗಳು ಕಳೆದಂತೆ ಅದನ್ನು ಹಳದಿಯಾಗಿಸಿ, ಮುಟ್ಟಿದರೆ ಮುರಿಯುವಂತೆ ಮಾಡುತ್ತದೆ. ಇವರು ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟಿದ್ದಾರೆ, ಖಾನೆಗಳಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಆಗಾಗ ಬಿಸಿಮಾಡಿ ಒಣಗಿಸುತ್ತಾರೆ, ತುಕ್ಕು ಹಿಡಿದ ಪಿನ್ನುಗಳನ್ನು ತೆಗೆದು ದಾರದಿಂದ ಹೊಲಿದಿದ್ದಾರೆ. ಹಿಂದಿನ ಒಡೆಯರು ಹರಿದಲ್ಲಿ ಸೆಲೋಟೇಪ್ ಹಚ್ಚಿದ್ದರೆ ಅದನ್ನು ಕೀಳಲು ಹೋಗಿಲ್ಲ, ಅದೂ ಸರಿಯೇ. ಕಿತ್ತರೆ ಅಕ್ಷರಗಳೂ ಎದ್ದುಬರುತ್ತವೆ. ಕಂದು ಚುಕ್ಕೆಗಳು ಹೆಚ್ಚಿನ ಹಾಳೆಗಳಲ್ಲಿ ಇವೆ, ಅವುಗಳಿಗೆ ಹೆದರಬೇಕಾಗಿಲ್ಲ. ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವ, ಹಸಿ ವಾಸನೆಯ ಬೂದುಬಣ್ಣದ ಬೂಷ್ಟು ಇದ್ದರೆ ಮಾತ್ರ ಆ ಹಾಳೆಯನ್ನು ಬಿಟ್ಟುಬಿಡಬೇಕು, ಮನೆಯ ಉಳಿದ ಪುಸ್ತಕಗಳಿಗೂ ಅದು ಹಬ್ಬುತ್ತದೆ.

ಬೆಲೆಯ ಮಾತು. ಸಾಮಾನ್ಯ ಹಾಳೆಗಳಿಗೆ ನಾನೂರರಿಂದ ಆರುನೂರು ರೂಪಾಯಿ, ಸೈನಿಕರ ಜೇಬಿನ ಆವೃತ್ತಿಗೆ ಸಾವಿರದ ಮೇಲೆ, ಚೌಕಟ್ಟಿನವಕ್ಕೆ ಎರಡೂವರೆ ಸಾವಿರದಿಂದ ಮೂರು ಸಾವಿರ. ಇವು ಅಪರೂಪದ ವಸ್ತುಗಳು ಎಂಬ ಭ್ರಮೆ ಬೇಡ. ಕೊಹಾನನ ಹಾಡೊಂದೇ ಯುದ್ಧ ಮುಗಿಯುವ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಇಂಥವು ಇಂದಿಗೂ ಹೊರದೇಶಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಹಾಡು ನುಡಿಸುವುದಷ್ಟೇ ಉದ್ದೇಶವಾದರೆ ಹಣವನ್ನೇ ಕೊಡಬೇಕಾಗಿಲ್ಲ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೊದಲನೆಯ ಮಹಾಯುದ್ಧಕ್ಕೆ ಸಂಬಂಧಿಸಿದ 14,000ಕ್ಕೂ ಹೆಚ್ಚು ಹಾಡುಹಾಳೆಗಳನ್ನು ಸಂಗ್ರಹಿಸಿದೆ, ಅಂತರ್ಜಾಲದಲ್ಲಿ ಅವುಗಳ ಪುಟಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ನಾನು ಇಲ್ಲಿ ಕೊಂಡದ್ದು ಮದರಾಸಿನ ಮುದ್ರೆಯೂ ಯಾರದೋ ಸಹಿಯೂ ಇದ್ದ ಪ್ರತಿಗಳನ್ನು. ಈ ಘಟ್ಟದ ಮೇಲಕ್ಕೆ ಬಂದ ಗುರುತು ಇಲ್ಲದಿದ್ದರೆ ಇಲ್ಲಿಯೇ ಕೊಳ್ಳುವುದಕ್ಕೆ ಕಾರಣವಿಲ್ಲ.

ಜೆರಾಕ್ಸ್ ಪ್ರತಿ ಬೇಕೆಂದರೂ ಮಾಡಿಕೊಡುತ್ತಾರೆ, ಪುಟಕ್ಕೆ ಹತ್ತು ರೂಪಾಯಿ. ಇಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಟಿಪ್ಪರರಿಯ ಕರ್ತೃಗಳಲ್ಲಿ ಜಡ್ಜ್ 1938ರಲ್ಲಿ, ವಿಲಿಯಮ್ಸ್ ಅದಕ್ಕೂ ಮೊದಲು ತೀರಿಕೊಂಡರು, ಆದ್ದರಿಂದ ಅದಕ್ಕೆ ತೊಡಕಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವೆರಾ ಲಿನ್ ಹಾಡಿ ಪ್ರಸಿದ್ಧಿಗೆ ತಂದ, ಮತ್ತೆ ಭೇಟಿಯಾಗೋಣ ಎನ್ನುವ 1939ರ ಹಾಡಿನ ಸ್ಥಿತಿ ಬೇರೆ. ಅದರ ಕರ್ತೃಗಳಾದ ರಾಸ್ ಪಾರ್ಕರ್ 1974ರಲ್ಲಿಯೂ ಹ್ಯೂಯಿ ಚಾರ್ಲ್ಸ್ 1995ರಲ್ಲಿಯೂ ತೀರಿಕೊಂಡವರು. ಹಾಳೆ ಹಳೆಯದಾದ ಮಾತ್ರಕ್ಕೆ ಹಾಡಿನ ಹಕ್ಕು ಮುಗಿದಿರುವುದಿಲ್ಲ ಎಂಬುದನ್ನು ಅಂಗಡಿಯವರು ಯಂತ್ರದ ಪಕ್ಕದಲ್ಲಿ ಬರೆದು ಹಾಕುವುದು ಒಳ್ಳೆಯದು.

ಈ ಅಂಗಡಿಯ ಅತ್ಯುತ್ತಮ ಸೇವೆಗೆ ಫಲಕವೂ ಇಲ್ಲ. ಸೈನ್ಯದ ಬ್ಯಾಂಡಿನಲ್ಲಿ ಕ್ಲ್ಯಾರಿನೆಟ್ ನುಡಿಸಿ ನಿವೃತ್ತರಾದ ಹಿರಿಯರೊಬ್ಬರು ಮಧ್ಯಾಹ್ನದ ಮೇಲೆ ಬಂದು ಕಿಟಕಿಯ ಬಳಿ ಕೂರುತ್ತಾರೆ. ಕೊಂಡ ಹಾಳೆಯನ್ನು ಅವರ ಮುಂದಿಟ್ಟರೆ ಹಾಡಿನ ಸಾಲನ್ನು ಕನ್ನಡದ ಸರಿಗಮಕ್ಕೆ ಇಳಿಸಿ ಬರೆದುಕೊಡುತ್ತಾರೆ, ಹಾಡಿಗೆ ಇನ್ನೂರು ರೂಪಾಯಿ. ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ವಾದ್ಯ ಮುಟ್ಟುವುದಿಲ್ಲ. ಎಡಗೈಯ ಎರಡು ಬೆರಳುಗಳಿಂದ ಮೇಜಿನ ಮೇಲೆ ನಿಮಿಷಕ್ಕೆ ಸುಮಾರು 120 ಹೆಜ್ಜೆಯ ಕವಾಯತಿನ ನಡೆಯನ್ನು ತಟ್ಟುತ್ತ, ಬಲಗೈಯಲ್ಲಿ ಗೆರೆ ಎಳೆದ ನೋಟ್‌ಬುಕ್ಕಿನ ಮೇಲೆ ಸ್ವರಗಳನ್ನು ಬರೆಯುತ್ತ ಹೋಗುತ್ತಾರೆ. ಸ್ವರ ನಿಲ್ಲುವ ಕಡೆ ನಮ್ಮ ಪದ್ಧತಿಯಂತೆ ಅಲ್ಪವಿರಾಮ, ಇನ್ನೂ ಉದ್ದವಾದರೆ ಅರ್ಧವಿರಾಮ. ಹಾಡಿನ ಮಾತಿನ ಅಕ್ಷರಗಳನ್ನು ಸ್ವರದ ಕೆಳಗೆ ಕನ್ನಡ ಲಿಪಿಯಲ್ಲಿ ಕೂರಿಸುತ್ತಾರೆ. "ಇವೆಲ್ಲ ಹೆಚ್ಚಾಗಿ ಶಂಕರಾಭರಣವೇ ಮಾರಾಯ್ರೆ, ನಡುವೆ ಒಂದೆರಡು ಕಡೆ ಪ್ರತಿ ಮಧ್ಯಮ ಬಂದು ಹೋಗ್ತದೆ" ಎಂದು ಅವರು ಹೇಳಿದ್ದು ಸರಿಯಾಗಿದೆ. ಇದು ಹೊಸದೂ ಅಲ್ಲ. ಕಂಪನಿಯ ಕಾಲದಲ್ಲಿ ಮದರಾಸಿನ ಬ್ಯಾಂಡುಗಳ ಮಟ್ಟುಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಹೊಂದಿಸಿ ಶಂಕರಾಭರಣದ ನೋಟುಸ್ವರಗಳನ್ನು ರಚಿಸಿದರು. ಬ್ರಿಟಿಷ್ ರಾಜಗೀತೆಯ ಮಟ್ಟೇ ಅಲ್ಲಿ ದೇವಿಯ ಸ್ತುತಿಯಾಗಿದೆ. ಇಲ್ಲಿಯ ಹಿರಿಯರು ಮಾಡುವ ಬರಹಕ್ಕೆ ಒಂದೇ ಮಿತಿ ಇದೆ: ಪಿಯಾನೋದ ಎಡಗೈ ಇದರಲ್ಲಿ ಬರುವುದಿಲ್ಲ. ಯುದ್ಧದ ಹಾಡುಗಳ ಗತ್ತು ಅರ್ಧದಷ್ಟು ಇರುವುದು ಆ ಕೆಳಸ್ವರಗಳ ಕುಣಿತದಲ್ಲಿ. ಅದು ಬಿಟ್ಟುಹೋದರೆ ಕೆಲವು ಹಾಡುಗಳು ಬೋಳಾಗಿ ಕೇಳಿಸುತ್ತವೆ. ಕೀಬೋರ್ಡ್ ಅಥವಾ ಪಿಟೀಲು ಕಲಿಯುವ ಮಕ್ಕಳಿಗೆ ಇಷ್ಟು ಸಾಕು. ಅವರು ಬಾರದ ದಿನಗಳೂ ಉಂಟು, ಫೋನು ಮಾಡಿ ಹೋಗುವುದು ಮೇಲು.

ನಿರಾಸೆಯಾಗುವುದು ನಮ್ಮ ನೆಲದ ವಿಭಾಗದಲ್ಲಿ, ಆದರೆ ಆ ತಪ್ಪನ್ನು ಅಂಗಡಿಯ ಮೇಲೆ ಹೊರಿಸಲಾಗದು. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು, ಎರಡನೆಯದರಲ್ಲಿ ಸುಮಾರು 25 ಲಕ್ಷ ಮಂದಿ ಸೇವೆ ಸಲ್ಲಿಸಿದರು. ಕೊಡಗಿನವರೇ ಆದ, ಮುಂದೆ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರು ಬರ್ಮಾದ ರಂಗದಲ್ಲಿ ಬ್ರಿಗೇಡನ್ನು ನಡೆಸಿದರು. ಹೀಗಿದ್ದರೂ ನಮ್ಮ ಸೈನಿಕರ ಹಾಡುಗಳ ಅಚ್ಚಾದ ನೊಟೇಷನ್ ಇಲ್ಲಿ ಒಂದೂ ಇಲ್ಲ. ನಮ್ಮಲ್ಲಿ ಹಾಡು ಹರಡುವ ದಾರಿಯೇ ಬೇರೆ: ಕಿವಿಯಿಂದ ಬಾಯಿಗೆ, ತಟ್ಟೆಯಿಂದ ಕಿವಿಗೆ, ಟೆಂಟ್ ಸಿನಿಮಾದ ಬಾಗಿಲಲ್ಲಿ ಕೆಲವೇ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕದಿಂದ. ಆ ಪುಸ್ತಕಗಳಲ್ಲಿ ಮಾತು ಮಾತ್ರ ಇರುತ್ತದೆ, ರಾಗ ಕೇಳಿದವರ ನೆನಪಿನಲ್ಲಿರಬೇಕು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಪಟ್ಟೋಲೆ ಪಳಮೆಯಲ್ಲಿ ಸೇರಿಸಿದಾಗಲೂ ಪುಸ್ತಕಕ್ಕೆ ಬಂದದ್ದು ಮಾತು. ದುಡಿ ಎಂಬ ಚರ್ಮವಾದ್ಯದ ಪೆಟ್ಟು ಕೈಗಳಲ್ಲಿಯೇ ಉಳಿಯಿತು. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ಹಾಳೆಗಳನ್ನಲ್ಲ, ಕೆಳಖಾನೆಯ ಪುಸ್ತಕ ಮತ್ತು ತಟ್ಟೆಗಳನ್ನು. 1943ರ ಹಿಂದಿ ಚಿತ್ರ ಕಿಸ್ಮತ್‌ನ ಹಾಡಿನ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಹೊರಗಿನವರೇ ತೊಲಗಿ ಎನ್ನುವ ಪ್ರದೀಪರ ಹಾಡು ಅದರಲ್ಲಿದೆ. ಜರ್ಮನಿ, ಜಪಾನ್‌ಗಳ ಹೆಸರು ಸೇರಿದ್ದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ತಡೆಯಲಿಲ್ಲ, ಯಾರಿಗೆ ಹೇಳಿದ ಮಾತೆಂಬುದು ಚಿತ್ರಮಂದಿರದಲ್ಲಿ ಕೂತವರಿಗೆಲ್ಲ ಅರ್ಥವಾಗಿತ್ತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರ್ ಮೊದಲ ಬಾರಿ ಹಾಡಿದ ಹಾಡಿನ ಮಾತೂ ಅದೇ ಪ್ರದೀಪರದು. ಅದರ ತಟ್ಟೆಯೂ ಇಲ್ಲಿದೆ, ಗೀರು ಬಿದ್ದಿದ್ದರೂ ಕೇಳುವಂತಿದೆ.

ತಟ್ಟೆಗಳ ಬಗ್ಗೆ ಒಂದು ಮಾತು ಸೇರಿಸುವುದು ಅಪ್ರಸ್ತುತವಾಗದು. ಆ ಕಾಲದ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು, ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದ, ಛೋಟಾ ನಾಗಪುರದ ಕಡೆಯ ಕಾಡುಗಳಿಂದ. ಜಪಾನಿನೊಡನೆ ಯುದ್ಧ ಆರಂಭವಾಗಿ ಸಮುದ್ರದ ದಾರಿಗಳು ಅಪಾಯಕ್ಕೆ ಸಿಕ್ಕಿದಾಗ ಅಮೆರಿಕ 1942ರಲ್ಲಿ ತಟ್ಟೆಗಳಿಗೆ ಬಳಸುವ ಅರಗನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹೊಸ ತಟ್ಟೆ ಬೇಕಾದವರು ಹಳೆಯದನ್ನು ತಂದುಕೊಡಬೇಕಾದ ಕಾಲವೂ ಬಂತು. ಈ ಸಂಗತಿಯನ್ನು ಮಾಲೀಕರಿಗೆ ತಿಳಿಸಿದಾಗ ಒಂದು ಚೀಟಿ ಬರೆದು ತಟ್ಟೆಗಳ ಖಾನೆಯಲ್ಲಿಟ್ಟರು. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿಟ್ಟಿರುವುದನ್ನು ಮಾತ್ರ ಬಿಡಬೇಕು. ಭಾರಕ್ಕೆ ಕೆಳಗಿನವು ಸೀಳುತ್ತವೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸುವುದೇ ಸರಿ.

ಕೊಡಗಿನ ಸೈನಿಕನ ಬದುಕನ್ನು ಹಾಡಾಗಿ ಕೇಳಬಯಸುವವರು ಕ್ಯಾಸೆಟ್ಟಿನ ಡಬ್ಬಿಯನ್ನು ತೆಗೆಸಿ ನೋಡಬಹುದು. 1990ರ ಮುತ್ತಿನ ಹಾರ ಚಿತ್ರದ ಕ್ಯಾಸೆಟ್ಟುಗಳು ಕೆಲವಿವೆ, ಮಡಿಕೇರಿಯ ಸಿಪಾಯಿಯ ಹಾಡು ಇಂದಿಗೂ ಇಲ್ಲಿಯ ಮದುವೆಮನೆಗಳಲ್ಲಿ ಕೇಳಿಸುತ್ತದೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಅಂಗಡಿ ಬಿಟ್ಟು ತಿಮ್ಮಯ್ಯನವರ ಮನೆಯಾಗಿದ್ದ ಸನ್ನಿ ಸೈಡ್ ವಸ್ತುಸಂಗ್ರಹಾಲಯಕ್ಕೆ ಹೋಗುವುದೇ ಒಳ್ಳೆಯದು; ಹಾಡುಗಳಿಗಾಗಿ ಅಲ್ಲ, ಆ ಹಾಡುಗಳ ಹಿಂದಿದ್ದ ಜನರಿಗಾಗಿ.

ಹೋಗುವವರಿಗೆ ಕೆಲವು ಸೂಚನೆಗಳು. ಅಟ್ಟದ ಮೆಟ್ಟಿಲು ಕಡಿದಾಗಿದೆ, ಹಿಡಿಕೆ ಒಂದೇ ಕಡೆ ಇದೆ, ವಯಸ್ಸಾದವರು ಕೆಳಗೆ ಕೂತು ಹೇಳಿಕಳಿಸಿದರೆ ಹಾಳೆಗಳನ್ನು ಅಲ್ಲಿಗೇ ತಂದು ತೋರಿಸುತ್ತಾರೆ. ಶುಕ್ರವಾರ ಸಂತೆಯ ದಿನವಾದ್ದರಿಂದ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಬಿಲ್ಲು ಕೇಳಿದರೆ ಕೊಡುತ್ತಾರೆ, ಅದರಲ್ಲಿ ಹಾಡಿನ ಹೆಸರು, ವರ್ಷ, ಕತ್ತರಿಸಿದ್ದೋ ಇಡಿಯೋ ಎಂಬುದನ್ನೂ ಬರೆಸಿಕೊಳ್ಳಬೇಕು. ಅಂಚೆಯಲ್ಲಿ ತರಿಸಿಕೊಳ್ಳುವವರಿಗೆ ಎರಡು ಗಟ್ಟಿ ರಟ್ಟುಗಳ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸುತ್ತಾರೆ, ಮಳೆಗಾಲದಲ್ಲಿ ಮಾತ್ರ ಕಳಿಸುವುದಿಲ್ಲ. ಮೇಜಿನ ಕೆಳಗಿನ ಪೆಟ್ಟಿಗೆಯ ಒಳಪುಟಗಳನ್ನು ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ ಕೊಡಲು ಒಪ್ಪಿದ್ದಾರೆ. ನೊಟೇಷನ್ ಓದಬಲ್ಲವರಿಗೆ ಅಂಗಡಿಯಲ್ಲಿ ಅದಕ್ಕಿಂತ ಲಾಭದ ಖರೀದಿ ಇಲ್ಲ. ಚೌಕಟ್ಟಿಗೆ ಇನ್ನೂ ಹೋಗದ ಇಡೀ ಹಾಳೆಗಳು ಎಡಗಡೆಯ ಬೀರುವಿನ ಮೇಲಿನ ಎರಡು ಖಾನೆಗಳಲ್ಲಿವೆ. ಮೊದಲು ಅವನ್ನು ತೆಗೆಸಿ ನೋಡಿ.